ಪೆರ್ಗೊಲೇಸಿಯ ಸ್ತಾಬಾತ್ ಮಾತೆರ್: ಮೊದಲ ಸಾಲಲ್ಲೇ ಜಾರುತ್ತಿದ್ದೇನೆ

ಪ್ರಶ್ನೆ | ತಂಬೂರಿ_ತಂಗಿ

ಮೈಸೂರಿನಲ್ಲಿ ಎಂಟು ವರ್ಷ ಕರ್ನಾಟಕ ಸಂಗೀತ ಕಲಿತವಳು ನಾನು. ಈಗ ಜರ್ಮನಿಯಲ್ಲಿದ್ದೇನೆ. ಇಲ್ಲೊಂದು ಹೆಂಗಸರ ಹಾಡಿನ ತಂಡಕ್ಕೆ ಸೇರಿಕೊಂಡೆ. ಗುಡ್ ಫ್ರೈಡೇಗೆ ಇಟಲಿಯ ಪೆರ್ಗೊಲೇಸಿಯ ‘ಸ್ತಾಬಾತ್ ಮಾತೆರ್’ ಹಾಡಬೇಕು. ಯೇಸುವಿನ ತಾಯಿಯ ದುಃಖವನ್ನು ಹೇಳುವ ಲ್ಯಾಟಿನ್ ಕೃತಿ ಅದು. ನನ್ನದು ಆಲ್ಟೊ, ಅಂದರೆ ಕೆಳಗಿನ ದನಿ.

ತೊಂದರೆ ಏನಂದ್ರೆ, ಮೊದಲ ಸಾಲಲ್ಲಿ ನಾವೊಂದು ಸ್ವರ ಹಿಡಿದು ನಿಂತಿರುತ್ತೇವೆ. ಮೇಲಿನ ದನಿಯ ಸೊಪ್ರಾನೊದವರು ಬಂದು ಒಂದೇ ಮೆಟ್ಟಿಲು ಆಚೆಯ ಸ್ವರ ಹಿಡಿಯುತ್ತಾರೆ. ಸ ಮತ್ತು ರಿ ಒಟ್ಟಿಗೆ ನಿಂತ ಹಾಗೆ! ನಮ್ಮ ಮೇಷ್ಟ್ರ ಮುಂದೆ ಹೀಗೆ ಹಾಡಿದ್ದರೆ ಎದ್ದು ಹೋಗುತ್ತಿದ್ದರು. ನನ್ನ ಗಂಟಲು ತಾನಾಗಿಯೇ ಅವರ ಸ್ವರಕ್ಕೆ ಜಾರುತ್ತದೆ. ನಿನ್ನೆ ಪಕ್ಕದವರು ತಿರುಗಿ ನೋಡಿದರು. ಏನು ಮಾಡಲಿ?

ಉತ್ತರ | ಆರ್ಗನ್_ಮಂಗಳೂರು

ನಿಮ್ಮ ಕಿವಿ ಚೆನ್ನಾಗೇ ಇದೆ. ಆ ತಿಕ್ಕಾಟ ಬೇಕೆಂದೇ ಇಟ್ಟದ್ದು. ಅದಕ್ಕೆ ಸಸ್ಪೆನ್ಷನ್ ಅಂತಾರೆ. ಹಿಡಿದಿದ್ದ ಸ್ವರಕ್ಕೆ ಹೊಸ ಸ್ವರ ಬಂದು ಡಿಕ್ಕಿ ಹೊಡೆಯುತ್ತದೆ. ಹಿಡಿದವರು ಒಂದು ಮೆಟ್ಟಿಲು ಇಳಿದಾಗ ಕಿವಿಗೆ ಸಮಾಧಾನ. ಅಷ್ಟರಲ್ಲಿ ಇಳಿದವರೇ ಮೇಲೆ ಹಾರಿ ಇನ್ನೊಬ್ಬರಿಗೆ ಡಿಕ್ಕಿ ಹೊಡೆಯುತ್ತಾರೆ. ಹೀಗೆ ಒಬ್ಬರ ಮೇಲೊಬ್ಬರು ಹತ್ತುತ್ತಾ ಹೋಗುವುದು. ಶಿಲುಬೆಯ ಬುಡದಲ್ಲಿ ನಿಂತ ತಾಯಿಯ ಸಂಕಟ ಅಲ್ವಾ, ಅದು ಸರಾಗವಾಗಿ ಹೇಗೆ ಬಂದೀತು?

ಸೊಪ್ರಾನೊ ಕಡೆ ಕಿವಿ ಕೊಡಬೇಡಿ. ಕೆಳಗೆ ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ಒಂದೇ ನಡಿಗೆಯಲ್ಲಿ ಹೋಗುತ್ತಿರುತ್ತದೆ, ಅದನ್ನು ಹಿಡಿದುಕೊಳ್ಳಿ. ಡಿಕ್ಕಿಯಾದಾಗ ದನಿಯನ್ನು ಸ್ವಲ್ಪ ಒತ್ತಿ, ಇಳಿಯುವಾಗ ಮೆತ್ತಗೆ ಬಿಡಿ. ಮತ್ತೆ, ದಯವಿಟ್ಟು ಗಮಕ ಬೇಡ!

ಉತ್ತರ | ಸುಮ್ನೆ_ಕೇಳುಗ

ನನಗೆ ಬೇರೆಯೇ ತಕರಾರು. ಶುರು ಅದ್ಭುತ, ಒಪ್ಪಿದೆ. ಆದರೆ ಮುಂದೆ ‘ಕ್ವೆ ಮೊಯೆರೇಬಾತ್’ ಅನ್ನುವ ಭಾಗ ಬಂದಾಗ ಮದುವೆ ಮನೆಗೆ ಬಂದ ಹಾಗಾಗುತ್ತದೆ. ತಾಯಿ ದುಃಖಿಸುತ್ತಿದ್ದಳು ಅನ್ನುವ ಮಾತಿಗೆ ಕುಣಿಯುವ ತಾಳ ಯಾಕೆ?

ಉತ್ತರ | ಆರ್ಗನ್_ಮಂಗಳೂರು

ಈ ದೂರು ಹಳೆಯದು. ಇದು ಪೆರ್ಗೊಲೇಸಿಯದೇ ಹಾಸ್ಯದ ಆಪೆರಾ (ಹಾಡಿನಲ್ಲೇ ನಡೆಯುವ ನಾಟಕ) ‘ಲಾ ಸೆರ್ವಾ ಪದ್ರೋನಾ’ (1733) ಥರ ಇದೆ ಅಂತ 18ನೇ ಶತಮಾನದಲ್ಲೇ ಇಟಲಿಯ ಸಂಗೀತ ವಿದ್ವಾಂಸ ಪಾದ್ರೆ ಮಾರ್ತಿನಿ ಆಕ್ಷೇಪ ಎತ್ತಿದ್ದರು. ನೇಪಲ್ಸ್‌ನಲ್ಲಿ ಆಪೆರಾ ಬರೆಯುತ್ತಿದ್ದ ಹುಡುಗ, ಚರ್ಚಿಗೆ ಬರೆಯುವಾಗ ಕೈ ಬದಲಾಗುತ್ತದಾ? 1736ರಲ್ಲಿ ಪೊಜ್ಜುವೋಲಿಯಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ ಬರೀ 26. ಜರ್ಮನಿಯ ಸಂಗೀತಗಾರ ಬಾಖ್‌ಗಂತೂ ಈ ಸಂಗೀತ ಹಿಡಿಸಿತ್ತು. 1740ರ ದಶಕದಲ್ಲಿ ಇದಕ್ಕೆ ಬೈಬಲ್ಲಿನ 51ನೇ ಕೀರ್ತನೆಯ ಜರ್ಮನ್ ಸಾಹಿತ್ಯ ಕೂಡಿಸಿದ. ಮೂಲದಲ್ಲಿ ಹೆಚ್ಚಾಗಿ ಬೇಸ್ (ಎಲ್ಲಕ್ಕಿಂತ ಕೆಳಗಿನ ಸ್ವರಗಳ ಸಾಲು) ಹಿಂದೆಯೇ ಹೋಗುವ ವಿಯೋಲಾಕ್ಕೆ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ) ಬೇರೆ ದಾರಿಯನ್ನೂ ಹಾಕಿಕೊಟ್ಟ. ತಂಗಿಯವರೇ, ನಿಮ್ಮ ತಂಡದವರಿಗೆ ಆ ಜರ್ಮನ್ ರೂಪ ಗೊತ್ತಿರಬಹುದು, ಕೇಳಿ ನೋಡಿ.

ಪ್ರಶ್ನೆ ಕೇಳಿದವರು | ತಂಬೂರಿ_ತಂಗಿ

ಇವತ್ತು ಚೆಲ್ಲೊ ಪಕ್ಕದ ಕುರ್ಚಿ ಹಿಡಿದು ಕೂತೆ. ಮೊದಲೆರಡು ಡಿಕ್ಕಿ ದಾಟಿದೆ, ಮೂರನೆಯದಕ್ಕೆ ಮತ್ತೆ ಜಾರಿದೆ. ಗಮಕ ಒಂದೇ ಒಂದು ಬಂತು. ಪಕ್ಕದವರು ನಕ್ಕರು.