ಪಾಲಕ್ ಮಡಿಗೆ ಬಸವನಹುಳು ಬರದಂತೆ ಏನು ಅಡ್ಡ ಇಡಲಿ?

ಅಂಗಳದ ತೋಟ, ಕಲಬುರಗಿ:
ಮಳೆ ಶುರುವಾದ ಮೇಲೆ ಪಾಲಕ್, ಮೆಂತ್ಯೆಯ ಎಳೆ ಸಸಿ ರಾತ್ರೋರಾತ್ರಿ ಖಾಲಿ. ಬೆಳಿಗ್ಗೆ ಮಣ್ಣಿನ ಮೇಲೆ ಹೊಳೆಯುವ ಲೋಳೆ ಗೆರೆ. ಚಿಪ್ಪಿರುವವೂ ಇವೆ, ಇಲ್ಲದವೂ ಇವೆ. ಮಡಿ ಸುತ್ತ ಶಹಾಬಾದಿ ಫರ್ಸಿ (ಹಾಸುಗಲ್ಲು) ಇದೆ, ದಾಟಿ ಬರುತ್ತವೆ. ಉಪ್ಪು ಸುರಿ ಅಂತಾರೆ ಪಕ್ಕದವರು. ಮಣ್ಣು ಕೆಡುತ್ತೆ ಅಲ್ವಾ? ನಾಯಿ ಇದೆ, ವಿಷದ ಗುಳಿಗೆ ಬೇಡ.

ಆಳಂದ ರಸ್ತೆ:
ಉಪ್ಪು ಬೇಡವೇ ಬೇಡ ಅಕ್ಕಾ. ನಮ್ಮ ಕಪ್ಪು ಮಣ್ಣಲ್ಲಿ ನೀರು ಬೇಗ ಇಳಿಯಲ್ಲ, ಉಪ್ಪು ಅಲ್ಲೇ ಕೂರುತ್ತೆ. ಒಲೆ ಬೂದಿ ಹಾಕಿ.

ಕೈತೋಟದ ಕಾಕಾ, ಬೀದರ್:
ಬೂದಿ ಒಣಗಿರುವವರೆಗೆ ಮಾತ್ರ. ಒಂದು ಮಳೆಗೆ ಮುಗೀತು. ಹುಳು ದಾಟದಂತೆ ಸುತ್ತ ಕಟ್ಟುವ ತಾಮ್ರದ ಪಟ್ಟಿಗೂ ಸುಮ್ನೆ ದುಡ್ಡು ಹಾಕಬೇಡಿ. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ಲೆಟ್ಯೂಸ್ ಗಿಡಗಳ ಸುತ್ತ ತಾಮ್ರ, ಮೊಟ್ಟೆ ಸಿಪ್ಪೆ, ಜಲ್ಲಿ, ಉಣ್ಣೆ, ಪೈನ್ ತೊಗಟೆ ಇಟ್ಟು ನೋಡಿತ್ತು. 2018ರಲ್ಲಿ ಬಂದ ಫಲಿತಾಂಶದಲ್ಲಿ ಯಾವುದೂ ಹುಳು ತಡೆದಿರಲಿಲ್ಲ.

ನಿಮ್ಮ ಫರ್ಸಿಯೇ ಅವುಗಳ ಮನೆ, ತಾಯಿ! ಹಗಲು ಅದರ ಅಡಿಯ ತಂಪಲ್ಲಿ ಮಲಗುತ್ತವೆ. ಎತ್ತಿ ನೋಡಿ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಬೆಳಿಗ್ಗೆ ಅಡಿಯಲ್ಲಿ ಸೇರಿದ್ದನ್ನು ಸೋಪಿನ ನೀರಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ, ಕೆಲವು ಹುಳುಗಳಲ್ಲಿ ಮನುಷ್ಯರಿಗೆ ರೋಗ ತರುವ ಪರಾವಲಂಬಿ ಇರುತ್ತೆ. ಸೊಪ್ಪು ಚೆನ್ನಾಗಿ ತೊಳೆಯಿರಿ. ನೀರು ಸಂಜೆ ಬದಲು ಬೆಳಿಗ್ಗೆ ಹಾಕಿ.

ಅಂಗಳದ ತೋಟ:
ಫರ್ಸಿ ಎತ್ತಿದೆ ಕಾಕಾ. ಗುಂಪು ಗುಂಪಾಗಿ ಇದ್ದವು, ಬಿಳಿ ಮೊಟ್ಟೆಗಳೂ ಸಿಕ್ಕವು. ಮೊಟ್ಟೆ ಏನು ಮಾಡಲಿ?

ಕೈತೋಟದ ಕಾಕಾ, ಬೀದರ್:
ಜಜ್ಜಿಬಿಡಿ. ಗೊಬ್ಬರ ಗುಂಡಿಗೆ ಮಾತ್ರ ಹಾಕಬೇಡಿ.