ಅಪ್‌ಡೇಟ್: ಬೆಳಿಗ್ಗೆ ಸ್ಟಾರ್ಟ್ ಆಗದೆ ಸತಾಯಿಸುತ್ತಿದ್ದ ಡೀಸೆಲ್ ಕಾರು

ರಾತ್ರಿ ನಿಲ್ಲಿಸಿದ ಡೀಸೆಲ್ ಕಾರು ಬೆಳಿಗ್ಗೆ ಬೇಗ ಸ್ಟಾರ್ಟ್ ಆಗಲ್ಲ, ಆಮೇಲೆ ದಿನವಿಡೀ ತೊಂದರೆ ಇಲ್ಲ, ಯಾಕೆ ಅಂತ ಕೇಳಿದ್ದೆ. ಕಾರಣ ಸಿಕ್ಕಿತು. ಎಂಜಿನ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಅಲ್ಲ, ಪಂಪೂ ಅಲ್ಲ. ಡೀಸೆಲ್ ಫಿಲ್ಟರ್ ಹತ್ತಿರದ ಓ-ರಿಂಗ್ (ಜೋಡಣೆ ಸೋರದಂತೆ ಹಾಕುವ ರಬ್ಬರ್ ಉಂಗುರ) ಗಟ್ಟಿಯಾಗಿ ಸೀಳಿತ್ತು.

ಮೆಕ್ಯಾನಿಕ್ ಫಿಲ್ಟರ್ ಆದಮೇಲೆ ಒಂದು ಪಾರದರ್ಶಕ ಪೈಪ್ ಸಿಕ್ಕಿಸಿ ಸೆಲ್ಫ್ ಹೊಡೆಸಿದರು. ಡೀಸೆಲ್ ಜೊತೆ ಸಣ್ಣ ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದವು! ನನ್ನ ಕಾರಿನ ಟ್ಯಾಂಕಿನಲ್ಲಿ ಪಂಪ್ ಇಲ್ಲ. ಎಂಜಿನ್ ಕಡೆಯ ಪಂಪೇ ಡೀಸೆಲ್ ಎಳೆದುಕೊಳ್ಳಬೇಕು. ಹಾಗಾಗಿ ಸೀಳಿನಲ್ಲಿ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಬರುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲದಿದ್ದರೆ ಯಾರಿಗೆ ಅನುಮಾನ ಬರುತ್ತೆ, ಅಲ್ವಾ?

ಹೀಗೆ ಗಾಳಿ ಒಳಗೆ ಬಂದಾಗ, ರಾತ್ರಿ ಲೈನಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಹೆಚ್ಚಿನ ಒತ್ತಡದ ಡೀಸೆಲ್ ಹೋಗುವಂಥದ್ದು) ಸ್ಟಾರ್ಟ್ ಆಗೋಕೇ ಸುಮಾರು 200 ಬಾರ್ ಒತ್ತಡ ಬೇಕು. ಗಾಳಿ ಸೇರಿದರೆ ಅಷ್ಟು ಏರಲ್ಲ. ಏರುವವರೆಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಂಜೆಕ್ಟರ್ ತೆರೆಯುವುದೇ ಇಲ್ಲ.

ಪೆಟ್ರೋಲ್ ಕಾರಿನಲ್ಲಿ? ಅಲ್ಲಿ ಸಾಮಾನ್ಯವಾಗಿ ಪಂಪ್ ಟ್ಯಾಂಕಿನೊಳಗೇ ಕೂತು 3-4 ಬಾರ್‌ನಲ್ಲಿ ತಳ್ಳುತ್ತದೆ. ಸೀಳಿದರೆ ಪೆಟ್ರೋಲ್ ಹೊರಗೇ ಬರುತ್ತದೆ. ವಾಸನೆ ಬಂದರೆ ಸುಮ್ನೆ ಓಡಿಸಬೇಡಿ, ಬೆಂಕಿಯ ಅಪಾಯ.

ಓ-ರಿಂಗ್ ಬದಲಾಯಿಸಿ, ಹ್ಯಾಂಡ್ ಪ್ರೈಮರ್ (ಕೈಯಿಂದ ಒತ್ತಿ ಡೀಸೆಲ್ ತುಂಬಿಸುವ ಚಿಕ್ಕ ಪಂಪ್) ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆದರು. ಈಗ ಒಂದೇ ಸೆಲ್ಫಿಗೆ ಸ್ಟಾರ್ಟ್.