ಓಮ್ನಿ ಬಿಚ್ಚಿ ಎರಡು ಸೀಟಿನ ಕಾರು ಕಟ್ಟಬೇಕೆಂದಿದ್ದೇನೆ, ಕಟ್ಟಿ ನೋಡಿದವರು ಇದ್ದೀರಾ?

ಕೇಳಿದ್ದು, ಕಾಪುವಿನಿಂದ

ಎಲ್ಲರಿಗೂ ನಮಸ್ಕಾರ. ಅಪ್ಪನ 1999ರ ಮಾರುತಿ ಓಮ್ನಿ ಅಂಗಳದಲ್ಲಿ ಉಂಟು. ಕಾರ್ಬ್ಯುರೇಟರ್ ಗಾಡಿ. ಎಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ, ಬಾಡಿ ಮಾತ್ರ ತುಕ್ಕು ಹಿಡಿದು ಜರಡಿಯಾಗಿದೆ. ಅದರ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ಆಕ್ಸಲ್) ತೆಗೆದು, ಸ್ಕ್ವೇರ್ ಪೈಪಿನಲ್ಲಿ ಚಾಸಿ ಮಾಡಿ, ಬ್ರಿಟನ್ನಿನ ಹಳೆ ಸ್ಪೋರ್ಟ್ಸ್ ಕಾರು ಲೋಟಸ್ ಸೆವೆನ್ ನಮೂನೆಯ ಬಾಗಿಲಿಲ್ಲದ ಕಾರು ಕಟ್ಟುವ ಆಸೆ. ವೆಲ್ಡಿಂಗ್ ಗೇಟು ಮಾಡುವಷ್ಟು ಗೊತ್ತು. ಕೈಯಲ್ಲಿ ಎರಡು ಲಕ್ಷ ಇದೆ. ಮುಂದಿನ ಮಳೆಗಾಲದೊಳಗೆ ಮುಗಿದೀತಾ? ರೋಡಿಗೆ ಇಳಿಸಬಹುದಾ?

ಸುರತ್ಕಲ್‌ನಿಂದ

ಮುಗಿಯುವುದಿಲ್ಲ ತಮ್ಮ. ಬೇಜಾರು ಮಾಡಿಕೊಳ್ಳಬೇಡ. ನಾನೂ ಒಂದು ವರ್ಷ ಅಂತ ಹೊರಟವನು. ಮೂರು ಮಳೆಗಾಲ ಕಳೆದ ಮೇಲೆ ತೋಟದ ದಾರಿಯಲ್ಲಿ ಓಡಿಸಿದೆ.

ಆದರೆ ನಿನ್ನ ಆಯ್ಕೆ ಒಳ್ಳೆಯದು. ಓಮ್ನಿಯಲ್ಲಿ ಎಂಜಿನ್ ಉದ್ದಕ್ಕೆ ಕೂತಿದೆ, ಪ್ರೊಪೆಲ್ಲರ್ ಶಾಫ್ಟ್ ಹಿಂದಿನ ಹೌಸಿಂಗಿಗೆ ಹೋಗುತ್ತದೆ. ಸೆವೆನ್‌ಗೆ ಬೇಕಾದದ್ದೂ ಅದೇ. ನಾನು ಮಾರುತಿ 800 ತೆಗೆದುಕೊಂಡು ಸಿಕ್ಕಿಬಿದ್ದೆ. ಎಂಜಿನ್ ಅದೇ 796 ಸಿಸಿ ಮೂರು ಸಿಲಿಂಡರ್, ಆದರೆ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಹಾಗಾಗಿ ಇಡೀ ಸೆಟ್ಟನ್ನೇ ಸೀಟಿನ ಹಿಂದಕ್ಕೆ ತಂದು ಕೂರಿಸಿದೆ. ಕೂರಿಸುವುದು ಸುಲಭ. ಆಮೇಲೆ ನೋಡಿದರೆ ಗೇರ್ ರಾಡು ಬಂಪರಿನ ಕಡೆ ಮುಖ ಮಾಡಿಕೊಂಡಿದೆ, ನಾನು ಮುಂದೆ ಕೂತಿದ್ದೇನೆ! ಅದನ್ನು ತಿರುಗಿಸಿ ಕೈಗೆ ತಂದುಕೊಳ್ಳಲು ಮೂರು ಸಲ ಲೇತ್ ಅಂಗಡಿಗೆ ಹೋದೆ. ಎಂಜಿನ್ ಜೊತೆ ಹಿಂದೆ ಹೋದ ಸ್ಟಿಯರಿಂಗ್ ನಕಲ್‌ಗಳನ್ನು, ಅಂದರೆ ಚಕ್ರ ತಿರುಗುವ ಕೀಲುಗಳನ್ನು, ಅಲ್ಲಾಡದಂತೆ ಚಾಸಿಗೆ ಕಟ್ಟಬೇಕಾಯಿತು. ಇಲ್ಲದಿದ್ದರೆ ಹಿಂದಿನ ಚಕ್ರವೂ ತನಗಿಷ್ಟ ಬಂದ ಕಡೆ ತಿರುಗುತ್ತದೆ.

ಈಗ ಮುಖ್ಯ ಮಾತು. ಬಿಚ್ಚುವ ಮೊದಲು ಆ ಓಮ್ನಿಯನ್ನು ಒಂದು ತಿಂಗಳು ಓಡಿಸು. ಪೇಟೆಗೆ ಹೋಗು, ಏರು ಹತ್ತಿಸು, ಮಧ್ಯಾಹ್ನದ ಬಿಸಿಲಲ್ಲಿ ಟ್ರಾಫಿಕ್ಕಿನಲ್ಲಿ ನಿಲ್ಲಿಸು. ಏನೇನು ಹಾಳಾಗಿದೆ ಅಂತ ಪುಸ್ತಕದಲ್ಲಿ ಬರೆದಿಡು. ನಾನು ಗುಜರಿಯವನ ಮಾತು ನಂಬಿ, ಓಡಿಸಿ ನೋಡದೆ ಬಿಚ್ಚಿದೆ. ಹದಿನಾಲ್ಕು ತಿಂಗಳ ನಂತರ ಹೊಸ ಚಾಸಿಯಲ್ಲಿ ನಾಲ್ಕನೇ ಗೇರ್ ಜಾರಿ ಜಾರಿ ಬರುತ್ತಿತ್ತು. ತಪ್ಪು ನನ್ನ ರಾಡಿನದ್ದಾ, ಗೇರ್‌ಬಾಕ್ಸಿನದ್ದಾ? ಎರಡು ತಿಂಗಳು ರಾಡನ್ನೇ ತಿದ್ದಿದೆ. ಕೊನೆಗೆ ಬಿಚ್ಚಿ ನೋಡಿದರೆ ಒಳಗಿನ ಹಲ್ಲು ಸವೆದಿತ್ತು. ಅದು ಮೊದಲಿನಿಂದಲೂ ಹಾಗೇ ಇತ್ತು ಅಂತ ಕಾಣುತ್ತದೆ.

ಇನ್ನೊಂದು. ಹೊಸ ಕಾರು ಓಡುವ ತನಕ ಹಳೆ ಬಾಡಿಯನ್ನು ಗುಜರಿಗೆ ಹಾಕಬೇಡ. ಜಾಗ ಇಲ್ಲ ಅಂತ ಮನೆಯಲ್ಲಿ ಗಲಾಟೆಯಾಗಿ ನಾನು ಮಾರಿಬಿಟ್ಟೆ. ಎರಡು ವಾರದಲ್ಲಿ ಆಕ್ಸಿಲರೇಟರ್ ಪೆಡಲಿನ ಬ್ರಾಕೆಟ್ ಬೇಕಾಯಿತು. ಓಡಿ ಹೋದೆ. ನನ್ನದೇ ಪೆಡಲು, ಅದರ ರಬ್ಬರಿನ ಮೇಲೆ ನನ್ನದೇ ಚಪ್ಪಲಿ ಸವೆಸಿದ ಗುರುತು. ಮುನ್ನೂರು ರೂಪಾಯಿ ಕೊಟ್ಟು ವಾಪಸ್ ತಂದೆ!

ವಯರಿಂಗ್ ಕತ್ತರಿಸಬೇಡ. ಇಡೀ ಜಡೆಯನ್ನು ಹಾಗೇ ಎತ್ತು. ಒಂದೊಂದು ಕನೆಕ್ಟರಿಗೂ ಮಾಸ್ಕಿಂಗ್ ಟೇಪ್ ಸುತ್ತಿ ಹೆಸರು ಬರೆ, ಆಮೇಲೆ ಎಳೆ. ಬರೀ ಫೋಟೋ ಸಾಲದು. ಹಳದಿ ವಯರು, ಹಳದಿ ಮೇಲೆ ಕೆಂಪು ಗೆರೆಯ ವಯರು, ಮೊಬೈಲಿನಲ್ಲಿ ಎರಡೂ ಒಂದೇ.

ಉಡುಪಿಯಿಂದ

ರೋಡಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಇಳಿಸುವ ಹಾಗಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ಹೊಂದಿಕೆಯಾಗದಂತೆ ಗಾಡಿ ಬದಲಾಯಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ದಂಡವೂ ಬಂತು: ಒಂದೊಂದು ಬದಲಾವಣೆಗೆ 5,000 ರೂಪಾಯಿ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ. ನಿಮ್ಮ ಕಾರಿನಲ್ಲಿ ಬದಲಾಗದೆ ಉಳಿದದ್ದನ್ನು ಎಣಿಸುವುದೇ ಸುಲಭ, ಅಲ್ವಾ?

"ಹೊಸ ಗಾಡಿ ಅಂತಲೇ ರಿಜಿಸ್ಟರ್ ಮಾಡಿಸಿದರೆ?" ಅಂತ ಕೇಳುವವರಿದ್ದಾರೆ. ಹೊಸ ಮಾದರಿಗೆ ಪುಣೆಯ ಎಆರ್‌ಎಐ ಅಂಥ ಸಂಸ್ಥೆಯಲ್ಲಿ ಮಾದರಿ ಪರೀಕ್ಷೆ ಆಗಬೇಕು. ಅದು ಕಾರ್ಖಾನೆಯವರ ಲೆಕ್ಕಾಚಾರ, ಅಂಗಳದವರದ್ದಲ್ಲ. ಬ್ರಿಟನ್ನಿನ ವಿಡಿಯೋ ನೋಡಿ ಮೋಸ ಹೋಗಬೇಡಿ. ಅಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷೆ ಮಾಡಿ ನಂಬರು ಕೊಡುವ ಏರ್ಪಾಡಿದೆ. ಲೋಟಸ್ ಸೆವೆನ್ 1957ರಲ್ಲಿ ಬಂದಾಗ ಬಿಡಿಭಾಗಗಳ ಕಿಟ್ಟಾಗಿ ಮಾರಾಟವಾದದ್ದೇ ತೆರಿಗೆಯ ಕಾರಣಕ್ಕೆ. ಪೂರ್ತಿ ಕಾರಿಗೆ ಖರೀದಿ ತೆರಿಗೆ ಇತ್ತು, ಕಿಟ್ಟಿಗೆ ಇರಲಿಲ್ಲ. 1973ರಲ್ಲಿ ವ್ಯಾಟ್ ಬಂದು ಆ ಲಾಭ ಹೋಯಿತು. ಅದೇ ವರ್ಷ ಸೆವೆನ್ ಕಟ್ಟುವ ಹಕ್ಕು ಕೇಟರ್‌ಹ್ಯಾಮ್‌ನವರ ಕೈಗೆ ಬಂತು. ಅವರ ಅಭ್ಯಾಸ, ಅವರ ಕಾನೂನು. ನಮ್ಮದು ಬೇರೆ.

ಹಾಗಾಗಿ ಸ್ವಂತ ಜಾಗದಲ್ಲಿ ಓಡಿಸುವ ಕಾರು ಅಂತಲೇ ಮನಸ್ಸು ಗಟ್ಟಿ ಮಾಡಿ ಶುರು ಮಾಡಿ. ಓಮ್ನಿಯನ್ನು ಬಿಚ್ಚಿ ಇನ್ನು ಓಡದಂತೆ ಮಾಡಿದ ಮೇಲೆ 55ನೇ ಸೆಕ್ಷನ್ ಪ್ರಕಾರ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. ಅಪ್ಪನ ಹೆಸರಲ್ಲಿದ್ದರೆ ಸಹಿ ಅವರದ್ದೇ ಬೇಕು. ಓಮ್ನಿಯ ಚಾಸಿ ನಂಬರು ಕತ್ತರಿಸಿ ಹೊಸ ಪೈಪಿಗೆ ಅಂಟಿಸುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಅವರ ಹತ್ತಿರ ಮಾತೇ ಬೇಡ. ಅದು ದಂಡ ಕಟ್ಟಿ ಮುಗಿಯುವ ಕೇಸಲ್ಲ.

ಬಂಟ್ವಾಳದಿಂದ

ನನ್ನದು ಅರ್ಧ ಆಗಿ ನಿಂತು ಐದು ವರ್ಷ. ಸದ್ಯಕ್ಕೆ ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಸೀಟು ಭಾರೀ ಚೆಂದ ಉಂಟು, ಬೇಕಾದರೆ ಹೇಳಿ.

ಬೈಕಂಪಾಡಿಯಿಂದ

ನಾನು ಫ್ಯಾಬ್ರಿಕೇಶನ್ ಕೆಲಸದವನು. "ಗೇಟು ಮಾಡುವಷ್ಟು ವೆಲ್ಡಿಂಗ್" ಅಂತ ಓದಿ ಹೆದರಿಕೆಯಾಯಿತು. ಗೇಟಿನ ವೆಲ್ಡ್ ಬಿಟ್ಟರೆ ಗೇಟು ವಾಲುತ್ತದೆ ಅಷ್ಟೇ. ಮುಂದಿನ ಚಕ್ರ ಹಿಡಿದಿರುವ ಆರ್ಮಿನ ಬ್ರಾಕೆಟ್ ಬಿಟ್ಟರೆ ಚಕ್ರ ಒಂದು ದಾರಿ, ನೀವು ಒಂದು ದಾರಿ.

ಈ ನಮೂನೆಯ ಚಾಸಿಗೆ ಸಾಮಾನ್ಯವಾಗಿ 25 ಮಿಮೀ ಸ್ಕ್ವೇರ್ ಪೈಪು, 1.6 ಮಿಮೀ ದಪ್ಪದ್ದು ಹಾಕುತ್ತಾರೆ. ಮೀಟರಿಗೆ ಹೆಚ್ಚುಕಮ್ಮಿ 1.2 ಕೆಜಿ ತೂಗುತ್ತದೆ. ಅಷ್ಟು ತೆಳ್ಳಗಿನದಕ್ಕೆ ರಾಡ್ ವೆಲ್ಡಿಂಗ್ ಕಷ್ಟ, ಕರೆಂಟು ಸ್ವಲ್ಪ ಜಾಸ್ತಿಯಾದರೂ ತೂತು. ತಂತಿ ತಾನೇ ಬರುವ ಮಿಗ್ ವೆಲ್ಡಿಂಗ್ ಮೆಶಿನ್ ಬಾಡಿಗೆಗೆ ತನ್ನಿ. ಎರಡು ತುಂಡು ಬೆಸೆದು ವೈಸಿಗೆ ಕಟ್ಟಿ ಸುತ್ತಿಗೆಯಲ್ಲಿ ಹೊಡೆಯಿರಿ. ಪೈಪು ಹರಿಯಬೇಕು, ವೆಲ್ಡ್ ಬಿಡಬಾರದು. ಹತ್ತಕ್ಕೆ ಹತ್ತೂ ಹಾಗೆ ಬರುವ ತನಕ ಚಾಸಿ ಮುಟ್ಟಬೇಡಿ. ಬರದಿದ್ದರೆ ಪೈಪು ಕತ್ತರಿಸಿ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕುವ ತನಕ ನೀವು ಮಾಡಿ, ಪೂರ್ತಿ ವೆಲ್ಡಿಂಗ್ ಗೊತ್ತಿದ್ದವರಿಗೆ ಕೊಡಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನಿಲ್ಲ.

ಸತು ಬಳಿದ ಜಿಐ ಪೈಪು ಮನೆಯಲ್ಲಿ ಉಳಿದಿದೆ ಅಂತ ಹಾಕಬೇಡಿ. ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ನಡುಕ ಬಂದು ಜ್ವರ ಏರುತ್ತದೆ.

ಅಂಗಳದ ನೆಲ ಸಮ ಇರುವುದಿಲ್ಲ. ಗಾರೆಯವರ ಹತ್ತಿರ ನೀರು ತುಂಬಿದ ಲೆವೆಲ್ ಪೈಪು ಇರುತ್ತದಲ್ಲ, ಅದನ್ನು ತನ್ನಿ. ದಪ್ಪ ಪ್ಲೈವುಡ್ಡಿನ ಮೇಜು ಮಾಡಿ ನಾಲ್ಕೂ ಮೂಲೆಯಲ್ಲಿ ನೀರು ಒಂದೇ ಮಟ್ಟಕ್ಕೆ ಬರುವ ಹಾಗೆ ಅಡಿಗೆ ಚಕ್ಕೆ ಕೊಡಿ. ಚಾಸಿ ಇಡೀ ಬರೀ ಟ್ಯಾಕ್ ಹಾಕಿ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು ನೋಡಿ. ಎರಡೂ ಅಳತೆ ಒಂದೇ ಬಂದ ಮೇಲೆ, ಎಡಕ್ಕೊಂದು ಬಲಕ್ಕೊಂದು ಅಂತ ಸ್ವಲ್ಪ ಸ್ವಲ್ಪ ಬೆಸೆಯಿರಿ. ಒಂದೇ ಬದಿ ಮುಗಿಸಿದರೆ ಕಾವಿಗೆ ಇಡೀ ಚಾಸಿ ಬಾಳೆಕಾಯಿ ಹಾಗೆ ಬಾಗುತ್ತದೆ.

ಗಾಡಿಯ ಅಡಿಗೆ ಹೋಗುವಾಗ ಮುರಕಲ್ಲು (ಜಂಬಿಟ್ಟಿಗೆ) ಇಟ್ಟು ನಿಲ್ಲಿಸಬೇಡಿ. ನಮ್ಮಲ್ಲಿ ಕೈಗೆ ಸಿಗುವುದೇ ಅದು, ಗೊತ್ತು. ಸುಮ್ನೆ ಕೂತಿದ್ದ ಕಲ್ಲು ಒಮ್ಮೆಲೇ ಪುಡಿಯಾಗುತ್ತದೆ. ಜಾಕ್ ಸ್ಟ್ಯಾಂಡ್ ತನ್ನಿ. ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲಾದರೆ ಅದನ್ನೂ ಮನೆಯಲ್ಲಿ ಕತ್ತರಿಸಿ ಬೆಸೆಯಬೇಡಿ, ಬ್ಯಾಲೆನ್ಸ್ ಮಾಡುವವರಿಗೇ ಕೊಡಿ.

ಮಲ್ಪೆಯಿಂದ

ಬಾಡಿಗೆ ಫೈಬರ್ ಹಾಕುವುದಾದರೆ ಇಲ್ಲಿಗೆ ಬನ್ನಿ ಮಾರಾಯ್ರೆ. ದೋಣಿ ಮಾಡುವ ಕೈಗಳಿಗೆ ನಿಮ್ಮ ಮಡ್‌ಗಾರ್ಡ್, ಮೂತಿ ಎಲ್ಲ ಮಕ್ಕಳಾಟ. ಮೋಲ್ಡಿಗೆ ವ್ಯಾಕ್ಸ್ ಹಚ್ಚಿ, ಜೆಲ್‌ಕೋಟ್ ಬಳಿದು, ಮ್ಯಾಟ್ ಹಾಸಿ ರೆಸಿನ್ ಕುಡಿಸುವುದು. ಸೆವೆನ್‌ನ ಉಳಿದ ಮೈ ಚಪ್ಪಟೆ. ಅದಕ್ಕೆ ಅಲ್ಯೂಮಿನಿಯಂ ಶೀಟ್ ಸಾಕು.

ನೀವೇ ಮಾಡುವುದಾದರೆ ಎರಡು ಜಾಗ್ರತೆ. ರೆಸಿನ್ ಗಟ್ಟಿಯಾಗಲು ಹಾಕುವ ಹಾರ್ಡ್‌ನರ್ ಮತ್ತು ಕೋಬಾಲ್ಟ್ ಎರಡನ್ನೂ ನೇರ ಒಟ್ಟಿಗೆ ಬೆರೆಸಬಾರದು, ಸಿಡಿಯುತ್ತದೆ. ಮೊದಲು ಕೋಬಾಲ್ಟ್ ರೆಸಿನ್ನಿಗೆ ಹೋಗಿ ಚೆನ್ನಾಗಿ ಕಲಸಿ ಆಗಬೇಕು, ಹಾರ್ಡ್‌ನರ್ ಕೊನೆಗೆ. ಇನ್ನೊಂದು, ಜೂನ್‌ನಿಂದ ಫೈಬರ್ ಕೆಲಸ ಹಿಡಿಯಬೇಡಿ. ತೇವಕ್ಕೆ ಸರಿಯಾಗಿ ಗಟ್ಟಿಯಾಗದೆ ಹಲಸಿನ ಮೇಣದ ಹಾಗೆ ಅಂಟಂಟು ಉಳಿಯುತ್ತದೆ. ನಮ್ಮ ಹುಡುಗನೊಬ್ಬ ಆಟಿ ತಿಂಗಳ ಜಡಿಮಳೆಯಲ್ಲಿ ಬಾನೆಟ್ ಹಾಕಿದ್ದ. ಅಂಗಳದ ನೊಣವೆಲ್ಲ ಅದರಲ್ಲೇ ಇದ್ದವು.

ಕಡಲ ಬದಿಯ ಗಾಳಿಗೆ ಪೈಪಿನ ಹೊರಗಿನ ತುಕ್ಕು ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಪೈಪಿನ ಎರಡೂ ತುದಿ ಪೂರ್ತಿ ಮುಚ್ಚಿ ಬೆಸೆಯಿರಿ, ಕೊರೆದ ತೂತು ಒಂದೂ ತೆರೆದಿರಬಾರದು. ಗ್ರೈಂಡ್ ಮಾಡಿದ ಜಾಗಕ್ಕೆ ಅದೇ ದಿನ ಪ್ರೈಮರ್. ಮಳೆಗಾಲದಲ್ಲಿ ಸಂಜೆ ಬೆಳ್ಳಿ ಹಾಗೆ ಹೊಳೆದದ್ದು ಬೆಳಿಗ್ಗೆ ಕುಂಕುಮ. ಮರದ ದೋಣಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿದರೆ ಆದೀತಾ ಅಂತ ಒಬ್ಬ ಕೇಳಿದ್ದ. ಕೈ ಸುಟ್ಟುಕೊಳ್ಳುವ ಚಪಲ ಇದ್ದರೆ ಹಚ್ಚಿ.

ಕೇಳಿದವರು, ಕಾಪುವಿನಿಂದ

ಎಲ್ಲರಿಗೂ ಥ್ಯಾಂಕ್ಸ್. ರೋಡಿನ ಆಸೆ ಬಿಟ್ಟೆ. ಅಜ್ಜನ ತೋಟದಲ್ಲಿ ಸುಮಾರು ಉದ್ದದ ಮಣ್ಣಿನ ದಾರಿ ಉಂಟು, ಅಲ್ಲೇ ಓಡಿಸುವೆ. ಎರಡು ಪ್ರಶ್ನೆ ಉಳಿದಿದೆ. ಓಮ್ನಿಯ ಮುಂದಿನ ಸಸ್ಪೆನ್ಶನ್ ಹಾಗೇ ಹಾಕಬಹುದಾ? ಹಣ ಸಾಕಾದೀತಾ?

ಸುರತ್ಕಲ್‌ನಿಂದ

ಹಾಗೇ ಹಾಕಿದರೆ ಚೆಂದ ಹೋಗುತ್ತದೆ. ಓಮ್ನಿಯ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಸ್ಪ್ರಿಂಗೂ ಶಾಕೂ ಒಂದೇ ಕಂಬದಲ್ಲಿ. ಅದರ ಎತ್ತರ ಜಾಸ್ತಿ, ಸೆವೆನ್‌ನ ಮೂತಿ ತಗ್ಗು. ಎರಡೂ ಬದಿ ಬಸವನ ಕೊಂಬಿನ ಹಾಗೆ ಮೇಲೆ ಬರುತ್ತದೆ. ಮೇಲೊಂದು ಕೆಳಗೊಂದು ಆರ್ಮ್ ಮಾಡಿಸಬೇಕು. ಸ್ಟಿಯರಿಂಗ್ ಟೈರಾಡಿನ ಉದ್ದ, ಎತ್ತರ ಅದಕ್ಕೆ ಹೊಂದಬೇಕು. ಇಲ್ಲದಿದ್ದರೆ ಗುಂಡಿಗೆ ಚಕ್ರ ಇಳಿದಾಗೆಲ್ಲ ಸ್ಟಿಯರಿಂಗ್ ತಾನೇ ಎಳೆಯುತ್ತದೆ. ಈ ಒಂದು ಕೆಲಸಕ್ಕೆ ಅನುಭವ ಇದ್ದವರನ್ನು ಕೂರಿಸಿಕೋ. ಎನ್‌ಐಟಿಕೆಯಲ್ಲೋ ಮಣಿಪಾಲದಲ್ಲೋ ಸ್ಪರ್ಧೆಗೆ ಕಾರು ಕಟ್ಟುವ ಹುಡುಗರ ಪರಿಚಯ ಇದ್ದರೆ ಇನ್ನೂ ಒಳ್ಳೆಯದು, ಅವರು ಲೆಕ್ಕ ಹಾಕಿ ಕೊಡುತ್ತಾರೆ. ತೋಟದ ದಾರಿ ಆದ್ದರಿಂದ ಎಂಜಿನ್ ಅಡಿಯ ಆಯಿಲ್ ಸಂಪು ನೆಲದಿಂದ ಸಾಕಷ್ಟು ಮೇಲಿರಲಿ. ನನ್ನದು ಎರಡು ಇಂಚು ತಗ್ಗಾಗಿ ಮೊದಲ ದಿನವೇ ಮುರಕಲ್ಲಿಗೆ ಬಡಿದು ಆಯಿಲ್ ಎಲ್ಲ ಭೂಮಿತಾಯಿಗೆ.

ಹಣ? ಕಬ್ಬಿಣ ಅಗ್ಗ. ಟೈರು, ಬ್ರೇಕ್, ಶಾಕ್, ಸೀಟು, ಬೆಲ್ಟು, ಬೋಲ್ಟು, ಇಲ್ಲೇ ಹೋಗುವುದು. ನನಗೆ ಬಿಚ್ಚಿದ ಹಳೆ ಗಾಡಿಯ ಬೆಲೆ ಬಿಟ್ಟು ಎರಡೂಕಾಲು ಲಕ್ಷ ಆಯಿತು. ಬ್ರೇಕಿನಲ್ಲಿ ಮಾತ್ರ ಹಳೆಯದು ಉಳಿಸಬೇಡ. ಸಿಲಿಂಡರ್, ಹೋಸ್, ಪೈಪು ಎಲ್ಲ ಹೊಸದು ಹಾಕು.

ಕೇಳಿದವರು, ಕಾಪುವಿನಿಂದ

ಸರಿ ಅಣ್ಣ. ಆರ್‌ಸಿ 2029ರ ತನಕ ರಿನ್ಯೂವಲ್ ಆಗಿದೆ, ಇನ್ಶೂರೆನ್ಸೂ ಉಂಟು. ಆದಿತ್ಯವಾರ ಪಡುಬಿದ್ರಿ ತನಕ ಓಡಿಸಿ ಬರುತ್ತೇನೆ. ಅಪ್ಪನಿಗೆ ಬಿಚ್ಚುವ ವಿಷಯ ಇನ್ನೂ ಹೇಳಿಲ್ಲ.

ಸುರತ್ಕಲ್‌ನಿಂದ

ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೋಗು. ನಾಲ್ಕನೇ ಗೇರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿ ನೋಡು, ಲಿವರ್ ಹಾರುತ್ತದಾ ಅಂತ. ಪುಸ್ತಕ ಮರೆಯಬೇಡ.